ಗುಡ್ಡದ ಮನೆಗೆ ನೀರು, ಪಿಟ್ಟು, ಕರೆಂಟು: ಅಡ್ವಾನ್ಸ್ ಕೊಡುವ ಮುಂಚೆ ನೋಡಬೇಕಾದ್ದು

ಪ್ರಶ್ನೆ: ನಾವು ಮೈಸೂರಿನ ಕುವೆಂಪುನಗರದವರು. ನಮ್ಮ ಯಜಮಾನರು ಬರುವ ವರ್ಷ ರಿಟೈರ್ ಆಗುತ್ತಾರೆ. ಮಡಿಕೇರಿಯಲ್ಲಿ ಇಳಿಜಾರಿನ ಮೇಲೆ ಎಂಟು ಸೆಂಟ್ ಜಾಗದಲ್ಲಿರುವ, ಸುಮಾರು 25 ವರ್ಷ ಹಳೆಯ ಹೆಂಚಿನ ಮನೆ ನೋಡಿದ್ದೇವೆ. ಅಡ್ವಾನ್ಸ್ ಇನ್ನೂ ಕೊಟ್ಟಿಲ್ಲ. ನಗರಸಭೆ ನಲ್ಲಿ ಇದೆ. ಕೆಳಗಿನ ತೋಟದವರ ಬಾವಿಯಿಂದ ಪಂಪ್ ನೀರೂ ಬರುತ್ತದೆ. ಟಾಯ್ಲೆಟ್‌ಗೆ ಪಿಟ್ಟು. ಕರೆಂಟು ಸಿಂಗಲ್ ಫೇಸ್, 2 ಕಿಲೋವ್ಯಾಟ್. ‘ಎಲ್ಲಾ ಸೌಕರ್ಯ ಇದೆ, ನೇಮ್ ಚೇಂಜ್ ಮಾಡಿಸಿಕೊಂಡರೆ ಮುಗೀತು’ ಅಂತಾರೆ ಬ್ರೋಕರ್. ಮಳೆಗಾಲದಲ್ಲಿ ಕರೆಂಟ್ ಹೋಗುತ್ತೆ ಅಂತ ಸೋಲಾರ್ ಹಾಕಿಸುವ ಯೋಚನೆ ಇದೆ. ಗ್ಯಾಸ್, ಗೀಸರ್, ಇಂಟರ್ನೆಟ್ ಎಲ್ಲಾ ಹೊಸದಾಗಿ ಆಗಬೇಕು. ಮೈಸೂರಿನ ಮನೆ ಮಾರುವುದಿಲ್ಲ, ಹೋಗಿ ಬಂದು ಮಾಡುತ್ತೇವೆ. ಯಾವುದನ್ನು ಮೊದಲು ಮಾಡಬೇಕು?

ಉತ್ತರ: ಅಡ್ವಾನ್ಸ್ ಇನ್ನೂ ಕೊಟ್ಟಿಲ್ಲ ಅಂತ ಬರೆದಿದ್ದೀರಲ್ಲ ಮೇಡಂ, ಓದಿ ಸಮಾಧಾನವಾಯಿತು. ನೀವು ಕೇಳಿದ್ದರಲ್ಲಿ ಮುಕ್ಕಾಲು ಪಾಲು ಅಡ್ವಾನ್ಸ್‌ಗೆ ಮುಂಚೆಯೇ ತೀರ್ಮಾನ ಆಗಬೇಕಾದ್ದು. ಬ್ರೋಕರ್ ಹೇಳಿದ ನೇಮ್ ಚೇಂಜ್ ಇದರಲ್ಲಿ ತೀರಾ ಚಿಕ್ಕ ಕೆಲಸ. ಕಾಗದ ಸರಿ ಇದ್ದರೆ ಅದು ಆಗಿಯೇ ಆಗುತ್ತದೆ.

ಮೈಸೂರಿನ ಬಡಾವಣೆಯಲ್ಲಿ ನೀರು, ಕರೆಂಟು, ಒಳಚರಂಡಿ ಮೂರೂ ರಸ್ತೆಯಿಂದ ನಮ್ಮ ಗೇಟಿಗೆ ಬರುತ್ತವೆ. ರಸ್ತೆ ಸರ್ಕಾರದ್ದು. ಹಾಗಾಗಿ ಸೈಟಿನ ಗಡಿಯಾಚೆ ಏನಿದೆ ಅಂತ ನಾವು ತಲೆ ಕೆಡಿಸಿಕೊಳ್ಳುವುದಿಲ್ಲ. ಗುಡ್ಡದ ಊರಿನಲ್ಲಿ ನೀರು ಒಬ್ಬರ ತೋಟ ದಾಟಿ ಬರುತ್ತದೆ. ಸರ್ವಿಸ್ ವೈರು ಇನ್ನೊಬ್ಬರ ಮರದ ಕೊಂಬೆ ಕೆಳಗೆ ಹಾದು ಬರುತ್ತದೆ. ನಿಮ್ಮ ಪಿಟ್ಟಿನ ನೀರು ಮತ್ತೊಬ್ಬರ ಅಂಗಳದ ಕಡೆ ಇಳಿಯುತ್ತದೆ. ನೀವು ದುಡ್ಡು ಕೊಡುವುದು ಎಂಟು ಸೆಂಟ್‌ಗೆ, ಆದರೆ ಆ ಮನೆ ನಡೆಯುವುದು ಎಂಟು ಸೆಂಟ್‌ನ ಆಚೆ ಇರುವುದರಿಂದ. ಕೊಡಗಿನ ಮನೆಗಳ ವಿಷಯಕ್ಕೆ ನನ್ನ ಹತ್ತಿರ ಬರುವ ಜಗಳಗಳಲ್ಲಿ ಜಾಸ್ತಿ ಪಾಲು ಇಲ್ಲೇ ಹುಟ್ಟಿದವು. ಹಾಗಾಗಿ ಗಡಿಯಾಚೆಯದನ್ನು ಮೊದಲು ನೋಡೋಣ.

ನೀರಿನಿಂದಲೇ ಶುರು ಮಾಡುತ್ತೇನೆ. ಮಡಿಕೇರಿಗೆ ವರ್ಷಕ್ಕೆ 3,000 ಮಿಲಿಮೀಟರ್‌ಗೂ ಜಾಸ್ತಿ ಮಳೆ ಬೀಳುತ್ತದೆ. ಮೈಸೂರಿಗೆ ಬೀಳುವುದು ಸುಮಾರು 800. ಅಷ್ಟು ಮಳೆ ಬೀಳುವ ಊರಲ್ಲಿ ನೀರಿಗೆ ಏನು ಬರ ಅಂತ ಅನ್ನಿಸುವುದು ಸಹಜ. ಆದರೆ ಇಳಿಜಾರಿನಲ್ಲಿ ಬಿದ್ದ ನೀರು ಅಲ್ಲಿ ನಿಲ್ಲುವುದಿಲ್ಲ, ಇಳಿದು ಹೊಳೆ ಸೇರುತ್ತದೆ. ಕಾವೇರಿಯಲ್ಲಿ ಹರಿದು ಕೆಆರ್‌ಎಸ್ ಸೇರಿ, ಕೊನೆಗೆ ನಮ್ಮ ಮೈಸೂರಿನ ನಲ್ಲಿಗೇ ಬರುತ್ತದೆ. ಮಡಿಕೇರಿಗೆ ನೀರು ಕೊಡುವ ಮುಖ್ಯ ಮೂಲ ಕೂಟುಹೊಳೆ. ಮಾರ್ಚ್, ಏಪ್ರಿಲ್‌ನಲ್ಲಿ ಹೊಳೆ ಸಣ್ಣಗಾಗುತ್ತದೆ, ಬಾವಿ ತಳ ಕಾಣುತ್ತದೆ. ಆದ್ದರಿಂದ ಜುಲೈನಲ್ಲಿ ನಲ್ಲಿ ತಿರುಗಿಸಿ ನೋಡಿ ಖುಷಿಪಟ್ಟರೆ ಏನೂ ತಿಳಿಯುವುದಿಲ್ಲ. ಹೋದ ಏಪ್ರಿಲ್‌ನಲ್ಲಿ ವಾರಕ್ಕೆ ಎಷ್ಟು ದಿನ ನೀರು ಬಂತು, ಎಷ್ಟು ಹೊತ್ತು ಬಂತು, ಟ್ಯಾಂಕರ್ ತರಿಸಿದ್ದರಾ ಅಂತ ಅಕ್ಕಪಕ್ಕದ ಮನೆಯವರನ್ನು ಕೇಳಿ. ಮಾರುವವರನ್ನು ಕೇಳುವುದಕ್ಕಿಂತ ಅದು ಮೇಲು.

ಹಾಗೇ ಆ ಜಾಗ ನಗರಸಭೆ ಒಳಗೇ ಇದೆಯಾ ಅಂತ ಖಾತ್ರಿ ಮಾಡಿಕೊಳ್ಳಿ. ‘ಮಡಿಕೇರಿ’ ಅಂತ ತೋರಿಸುವ ಎಷ್ಟೋ ಮನೆಗಳು ಸುತ್ತಲಿನ ಗ್ರಾಮ ಪಂಚಾಯ್ತಿಗಳಿಗೆ ಸೇರಿರುತ್ತವೆ. ನಗರಸಭೆಯಾದರೆ ನಮೂನೆ-3ರ ಇ-ಖಾತಾ, ಪಂಚಾಯ್ತಿಯಾದರೆ ಇ-ಸ್ವತ್ತಿನ ನಮೂನೆ 9 ಮತ್ತು 11 ಕೈಗೆ ಬರಬೇಕು. ನಲ್ಲಿ, ತೆರಿಗೆ, ಕಸದ ಗಾಡಿ ಎಲ್ಲವೂ ಅದರ ಮೇಲೇ ನಿಂತಿದೆ.

ಈಗ ಆ ಬಾವಿ. ನಿಮ್ಮ ಪತ್ರದಲ್ಲಿ ನನಗೆ ಅತಿ ಹೆಚ್ಚು ಭಯ ಹುಟ್ಟಿಸಿದ ಸಾಲು ಇದು. ಬಾವಿ ತೋಟದವರದ್ದು, ನೀರು ನಿಮ್ಮದು. ಯಾವ ಕಾಗದದ ಮೇಲೆ? ‘ಮೊದಲಿಂದಲೂ ತಗೋತಿದೀವಿ, ಅವರು ಒಳ್ಳೆಯವರು’ ಅನ್ನುವುದು ಸಾಮಾನ್ಯವಾಗಿ ಸಿಗುವ ಉತ್ತರ. ಅವರು ಒಳ್ಳೆಯವರೇ ಇರಬಹುದು. ನಾಳೆ ತೋಟ ಮಾರಿದರೆ, ಕೊಂಡವರು ಅಲ್ಲಿ ಹೋಂಸ್ಟೇ ಕಟ್ಟಿದರೆ, ಬಾವಿಯಲ್ಲಿ ಅವರಿಗೇ ನೀರು ಸಾಲದಾದರೆ ನಿಮ್ಮ ಪೈಪು ಕಿತ್ತು ಬದಿಗೆ ಬೀಳುತ್ತದೆ.

ಬೇರೆಯವರ ಜಮೀನಿನಿಂದ ನೀರು ತರುವ, ದಾರಿ ಬಳಸುವ ಹಕ್ಕಿಗೆ ವಕೀಲರು ಈಸ್‌ಮೆಂಟ್ ಅನ್ನುತ್ತಾರೆ. ಅದಕ್ಕೆ 1882ರ ಕಾಯ್ದೆ ಇದೆ. ಬಂದಾಗ ಆ ಕಾಯ್ದೆ ದೇಶದ ಎಲ್ಲ ಕಡೆ ಜಾರಿಯಾಗಲಿಲ್ಲ. ಮದ್ರಾಸ್, ಮಧ್ಯಪ್ರಾಂತ್ಯ ಮತ್ತು ಕೊಡಗು, ಮೊದಲು ಇಷ್ಟಕ್ಕೇ ಬಂದದ್ದು. ಅಂದರೆ ಕೊಡಗಿನಲ್ಲಿ ಈ ಹಕ್ಕಿಗೆ ಹಳೆಯ ಬುನಾದಿ ಇದೆ. ಅದರ ಪ್ರಕಾರ 20 ವರ್ಷ ಬಹಿರಂಗವಾಗಿ, ತಕರಾರಿಲ್ಲದೆ, ತಡೆಯಿಲ್ಲದೆ, ನಮ್ಮ ಹಕ್ಕು ಅಂತಲೇ ಬಳಸಿಕೊಂಡು ಬಂದಿದ್ದರೆ ಹಕ್ಕು ಕೇಳಬಹುದು. ಮನೆಗೆ 25 ವರ್ಷ ಆಗಿದೆ, ಸರಿ ಹೋಯಿತು ಅಂದುಕೊಳ್ಳಬೇಡಿ. ತೋಟದವರ ಅನುಮತಿ ಕೇಳಿಕೊಂಡು, ಅವರ ದಾಕ್ಷಿಣ್ಯದಲ್ಲಿ ತೆಗೆದುಕೊಂಡ ನೀರಿಗೆ ಈ 20 ವರ್ಷದ ಲೆಕ್ಕ ಅನ್ವಯಿಸುವುದಿಲ್ಲ. ಕೋರ್ಟಿಗೆ ಹೋಗಿ ಸಾಬೀತು ಮಾಡುವ ವಯಸ್ಸೂ ನಿಮ್ಮದಲ್ಲ, ಅಲ್ವಾ?

ಇದಕ್ಕೆ ದಾರಿ ಒಂದೇ. ತೋಟದವರಿಂದ ನೀರಿನ ಹಕ್ಕಿಗೆ, ಪೈಪ್ ಹಾದುಹೋಗುವ ಜಾಗಕ್ಕೆ, ರಿಪೇರಿಗೆ ಒಳಗೆ ಹೋಗಿ ಬರುವುದಕ್ಕೆ ಒಂದು ಪತ್ರ ಮಾಡಿಸಿ, ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ನೋಂದಣಿ ಮಾಡಿಸಿ. ನಿಮ್ಮ ಕ್ರಯಪತ್ರದ ಷೆಡ್ಯೂಲ್‌ನಲ್ಲೂ ಅದು ಬರಲಿ. ಆ ತೋಟ ಜಮ್ಮಾ ಬಾಣೆ (ಕೊಡಗಿನ ವಂಶಪಾರಂಪರ್ಯದ ಹಿಡುವಳಿ) ಆಗಿದ್ದರೆ ಇನ್ನೂ ಎಚ್ಚರ ಬೇಕು. ಪಹಣಿಯಲ್ಲಿ ಕುಟುಂಬದ ಹಲವರ ಹೆಸರು ಇರುತ್ತದೆ, ಒಬ್ಬ ಅಣ್ಣನ ಸಹಿ ಸಾಕಾಗದು. ಇದನ್ನು ಕೊಡಗಿನ ಭೂಮಿ ವಿಷಯ ಬಲ್ಲ ಅಲ್ಲಿನ ವಕೀಲರ ಕೈಯಲ್ಲೇ ಮಾಡಿಸಿ. ಮೈಸೂರಿನ ವಕೀಲರು ಎಷ್ಟೇ ಜಾಣರಿದ್ದರೂ ಜಮ್ಮಾ, ಬಾಣೆ, ಸಾಗು ಅನ್ನುವುದು ಅವರ ದಿನದ ಕೆಲಸ ಅಲ್ಲ. ತೋಟದವರು ಪತ್ರಕ್ಕೆ ಒಪ್ಪದಿದ್ದರೆ ಬಾವಿ ಇಲ್ಲ ಅಂತಲೇ ಲೆಕ್ಕ ಹಾಕಿ, ನಗರಸಭೆ ನೀರೊಂದರಲ್ಲೇ ಬೇಸಿಗೆ ಕಳೆಯಬಹುದಾ ಅಂತ ನೋಡಿ, ಆಮೇಲೆ ಬೆಲೆ ಮಾತಾಡಿ.

ಬಾವಿ ಹತ್ತಿರ ಹೋದಾಗ ಇನ್ನೊಂದು ಗಮನಿಸಿ. ಪಂಪಿನ ವೈರು ಯಾವ ಮೀಟರ್‌ನಿಂದ ಬರುತ್ತಿದೆ? ಪಂಪ್‌ನ ಸ್ಟಾರ್ಟರ್ ಡಬ್ಬಿಯಿಂದ ವೈರ್ ಹಿಡಿದು ಹಿಂದಕ್ಕೆ ನಡೆಯಿರಿ. ಕಾಫಿ ಗಿಡಗಳ ನಡುವೆ ಕಪ್ಪು ಪೈಪಿನ ಜೊತೆಗೇ ಹಗ್ಗ ಕಟ್ಟಿ ಮೇಲಕ್ಕೆ ನಿಮ್ಮ ಮನೆಗೆ ಬಂದಿದ್ದರೆ ಅದು ನಿಮ್ಮ ಮೀಟರ್. ತೋಟದ ಶೆಡ್ ಕಡೆ ತಿರುಗಿದರೆ ಅವರದ್ದು. ಅವರದು ಕೃಷಿ ಪಂಪ್‌ಸೆಟ್ ಕನೆಕ್ಷನ್ ಆಗಿದ್ದು ಅದರಿಂದ ಮನೆಗೆ ನೀರು ಎತ್ತುತ್ತಿದ್ದರೆ, ಮಂಜೂರಾದ ಉದ್ದೇಶ ಬಿಟ್ಟು ಬೇರೆಯದಕ್ಕೆ ಬಳಸಿದಂತೆ. 2003ರ ವಿದ್ಯುತ್ ಕಾಯ್ದೆಯ 126ನೇ ಕಲಂ ಅಡಿ ದರದ ಎರಡು ಪಟ್ಟು ಬಿಲ್ ಹಾಕಬಹುದು. ಅದು ಬೀಳುವುದು ತೋಟದವರ ಮೇಲೆ. ಬಿದ್ದ ದಿನವೇ ನಿಮ್ಮ ನೀರು ನಿಲ್ಲುತ್ತದೆ.

ಪಂಪ್ ಎಲ್ಲಿ ಕೂತಿದೆ ಅನ್ನುವುದೂ ಮುಖ್ಯ. ಮೇಲೆ ಕೂತ ಮಾನೋಬ್ಲಾಕ್ ಪಂಪು ತಾನೇ ನೀರನ್ನು ಎಳೆದುಕೊಳ್ಳುವುದಿಲ್ಲ. ಅದು ಪೈಪಿನೊಳಗೆ ಒತ್ತಡ ಕಡಿಮೆ ಮಾಡುತ್ತದೆ, ಹೊರಗಿನ ಗಾಳಿಯ ಒತ್ತಡ ಬಾವಿಯ ನೀರನ್ನು ಪೈಪಿನೊಳಕ್ಕೆ ತಳ್ಳುತ್ತದೆ. ಸಮುದ್ರ ಮಟ್ಟದಲ್ಲಿ ಆ ಒತ್ತಡಕ್ಕೆ 10.3 ಮೀಟರ್ ತನಕ ನೀರು ಎತ್ತುವ ಶಕ್ತಿ. ಮಡಿಕೇರಿ ಇರುವುದು 1,170 ಮೀಟರ್ ಆಸುಪಾಸಿನಲ್ಲಿ, ಗಾಳಿ ತೆಳು. ಅಲ್ಲಿ ಲೆಕ್ಕದ ಪ್ರಕಾರ ಸುಮಾರು 9 ಮೀಟರ್. ಪೈಪಿನ ಘರ್ಷಣೆ, ಫುಟ್‌ವಾಲ್ವ್ ಎಲ್ಲಾ ಕಳೆದರೆ 6 ಮೀಟರ್, ಅಂದರೆ 20 ಅಡಿ ಅಂತ ಇಟ್ಟುಕೊಳ್ಳಿ. ಏಪ್ರಿಲ್‌ನಲ್ಲಿ ಬಾವಿ ನೀರು ಪಂಪಿಗಿಂತ 20 ಅಡಿಗೂ ಕೆಳಗೆ ಹೋದರೆ ಎಷ್ಟು ಎಚ್‌ಪಿ ಪಂಪ್ ಇದ್ದರೂ ಸುಮ್ನೆ ತಿರುಗುತ್ತದೆ, ನೀರು ಬರುವುದಿಲ್ಲ. ಮೆಕ್ಯಾನಿಕ್ ಬಂದು ದೊಡ್ಡ ಮೋಟಾರ್ ಹಾಕಿಸಿ ಅಂತಾನೆ. ದುಡ್ಡು ಕೊಡಬೇಡಿ. ನೀರಿನೊಳಗೇ ಮುಳುಗಿ ಕೂರುವ ಓಪನ್‌ವೆಲ್ ಸಬ್‌ಮರ್ಸಿಬಲ್ ಹಾಕಿಸಿದರೆ ಈ ತಾಪತ್ರಯ ಇಲ್ಲ, ಅದು ಕೆಳಗಿನಿಂದ ತಳ್ಳುತ್ತದೆ. ಅದನ್ನು ಕೊಳ್ಳುವಾಗ ಎಚ್‌ಪಿಗಿಂತ ‘ಹೆಡ್’ ಎಷ್ಟು ಅಂತ ಕೇಳಿ. ಬಾವಿಯ ಬೇಸಿಗೆ ನೀರಿನ ಮಟ್ಟದಿಂದ ನಿಮ್ಮ ಓವರ್‌ಹೆಡ್ ಟ್ಯಾಂಕ್‌ನ ಬಾಯಿಯ ತನಕ ನೇರ ಎತ್ತರ 25 ಮೀಟರ್ ಇದ್ದರೆ, ಘರ್ಷಣೆಗೂ ಸೇರಿಸಿ 32–35 ಮೀಟರ್ ಹೆಡ್‌ನಲ್ಲಿ ಚೆನ್ನಾಗಿ ನೀರು ಕೊಡುವ ಪಂಪ್ ಬೇಕು.

ಇಳಿಜಾರಿನಲ್ಲಿ ಎತ್ತರ ಕೆಲವು ಸಲ ನಮ್ಮ ಕಡೆಗೂ ಇರುತ್ತದೆ. ಪ್ರತಿ 10 ಮೀಟರ್ ಎತ್ತರಕ್ಕೆ ನೀರಿಗೆ ಸುಮಾರು ಒಂದು ಕೆಜಿ ಪ್ರೆಷರ್ ಸಿಗುತ್ತದೆ. ನಿಮ್ಮ ಜಾಗದ ಮೇಲ್ತುದಿ ಮನೆಯ ಚಾವಣಿಗಿಂತ ಎತ್ತರದಲ್ಲಿದ್ದರೆ ಟ್ಯಾಂಕನ್ನು ಅಲ್ಲಿ ಇಡಿ. ಹೆಂಚಿನ ಮನೆ ಮೇಲೆ ಸ್ಟ್ಯಾಂಡ್ ಕಟ್ಟಿಸುವ ಖರ್ಚು ಉಳಿಯುತ್ತದೆ, ಪ್ರೆಷರ್ ಪಂಪ್ ಬೇಕಾಗುವುದಿಲ್ಲ. ಆದರೆ ಸಾವಿರ ಲೀಟರ್ ನೀರು ಅಂದರೆ ಒಂದು ಟನ್ ಭಾರ. ತಡೆಗೋಡೆಯ ಅಂಚಿಗೆ ಮಾತ್ರ ಇಡಬೇಡಿ. ನಗರಸಭೆ ಟ್ಯಾಂಕು ನಿಮ್ಮ ಮನೆಗಿಂತ ಬಹಳ ಮೇಲಿದ್ದರೆ ಇನ್ನೊಂದು ತೊಂದರೆ: ಯಾರೂ ನಲ್ಲಿ ಬಿಡದ ಹೊತ್ತಿನಲ್ಲಿ ಪ್ರೆಷರ್ ಏರಿ ಹಳೇ ಜಿಐ ಪೈಪಿನ ಜಾಯಿಂಟ್ ಬಿಟ್ಟುಕೊಳ್ಳುತ್ತದೆ. ಬೀದಿ ನೀರನ್ನು ನೇರ ಮನೆಯೊಳಗೆ ಬಿಡದೆ ಫ್ಲೋಟ್ ವಾಲ್ವ್ ಇರುವ ತೊಟ್ಟಿಗೆ ಇಳಿಸಿಕೊಂಡರೆ ಸರಿ.

ಕುಡಿಯುವ ನೀರಿನ ಬಗ್ಗೆ ಒಂದು ಮಾತು. ಮೈಸೂರಿನಿಂದ ಆರ್‌ಒ ಮಷೀನ್ ಹೊತ್ತುಕೊಂಡು ಹೋಗಬೇಡಿ. ಗುಡ್ಡದ ಬಾವಿ, ಹೊಳೆ ನೀರಿನಲ್ಲಿ ಕರಗಿದ ಲವಣ ಸಾಮಾನ್ಯವಾಗಿ ಕಡಿಮೆ. ಇರುವ ಸ್ವಲ್ಪವನ್ನೂ ಆರ್‌ಒ ತೆಗೆದುಹಾಕಿ, ಅಷ್ಟೇ ಅಥವಾ ಅದಕ್ಕಿಂತ ಜಾಸ್ತಿ ನೀರನ್ನು ಚರಂಡಿಗೂ ಬಿಡುತ್ತದೆ. ಅಲ್ಲಿನ ಸಮಸ್ಯೆ ಮಳೆಗಾಲದ ಕೆಸರು ಮತ್ತು ಪಿಟ್ಟುಗಳಿಂದ ಬರುವ ರೋಗಾಣು. ಸೆಡಿಮೆಂಟ್ ಫಿಲ್ಟರ್ ಜೊತೆ ಯುವಿ ಇದ್ದರೆ ಸಾಕು, ಇಲ್ಲವೇ ಸೋಸಿ ಕುದಿಸಿ. ಮೊದಲು ಒಂದು ಸಲ ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸಿ. 100 ಮಿಲಿಲೀಟರ್‌ನಲ್ಲಿ ಇ-ಕೋಲೈ ಒಂದೂ ಇರಬಾರದು, ಪಿಎಚ್ 6.5ರಿಂದ 8.5ರ ಒಳಗಿರಬೇಕು. ಪಿಎಚ್ ಅದಕ್ಕಿಂತ ಕೆಳಗಿದ್ದರೆ ನೀರು ಹುಳಿ ಅಂತ ಅರ್ಥ. ಜಿಐ ಪೈಪನ್ನೂ ಗೀಸರ್ ಟ್ಯಾಂಕನ್ನೂ ಅದು ಬೇಗ ತಿನ್ನುತ್ತದೆ. ಸ್ಯಾಂಪಲ್ ತೆಗೆಯಲು ಜೋರು ಮಳೆ ಬಿದ್ದ ಮಾರನೇ ದಿನ ಹೋಗಿ.

ಇನ್ನು ಪಿಟ್ಟು. ಜನ ಇದರ ಬಗ್ಗೆ ಕೇಳಲು ಸಂಕೋಚಪಡುತ್ತಾರೆ, ಆದರೆ ಇದು ಕೆಟ್ಟಿದ್ದರೆ ಮನೆಯನ್ನೇ ಬಿಡಬೇಕಾಗುತ್ತದೆ. ಮೊದಲು ತಿಳಿಯಬೇಕಾದ್ದು ಅದು ಸೆಪ್ಟಿಕ್ ಟ್ಯಾಂಕಾ, ಬರೀ ಇಂಗುಗುಂಡಿಯಾ ಅಂತ. ಮುಚ್ಚಳ ತೆಗೆಸಿ ನೋಡಿ. ಬೇಸಿಗೆಯಲ್ಲಿ ಎಲ್ಲ ಗುಂಡಿಯೂ ಇಂಗಿಸುತ್ತದೆ. ಜುಲೈನಲ್ಲಿ ನೆಲವೇ ನೀರು ಕುಡಿದು ತುಂಬಿರುತ್ತದೆ, ಆಗ ಗುಂಡಿಯ ನೀರಿಗೆ ಹೋಗಲು ಜಾಗ ಇರುವುದಿಲ್ಲ. ಫ್ಲಶ್ ಮಾಡಿದರೆ ನಿಧಾನಕ್ಕೆ ಇಳಿಯುವುದು, ಬಚ್ಚಲಲ್ಲಿ ಗುಳುಗುಳು ಶಬ್ದ, ಕೆಳಗಿನ ತಡೆಗೋಡೆಯಲ್ಲಿ ಕಪ್ಪು ಜಿನುಗು: ಇವು ಅದರ ಗುರುತು. ಹಾಗಾಗಿ ಮಳೆಯಲ್ಲಿ ಒಂದು ಸಲ ಆ ಮನೆಗೆ ಹೋಗಲೇಬೇಕು. ಛತ್ರಿ ಹಿಡಿದು ಮನೆ ಸುತ್ತ ನಡೆಯಿರಿ. ಹಿಂದಿನ ಗೋಡೆ ಹತ್ತಿರ, ತಡೆಗೋಡೆಯ ಬುಡದಲ್ಲಿ ನಿಂತು ಮೂಗಿಗೆ ಏನು ಬರುತ್ತದೆ ನೋಡಿ.

ಬಾವಿಗೂ ಇಂಗುಗುಂಡಿಗೂ ಕಡಿಮೆ ಅಂದರೆ 15 ಮೀಟರ್, ಅಂದರೆ 50 ಅಡಿ ದೂರ ಇರಬೇಕು ಅನ್ನುತ್ತಾರೆ. ಸಮತಟ್ಟು ಜಾಗಕ್ಕೆ ಆ ಲೆಕ್ಕ ಸರಿ. ಇಳಿಜಾರಿನಲ್ಲಿ ದೂರಕ್ಕಿಂತ ಯಾರು ಮೇಲೆ, ಯಾರು ಕೆಳಗೆ ಅನ್ನುವುದು ದೊಡ್ಡದು. ನಿಮ್ಮ ಕುಡಿಯುವ ಬಾವಿ ಕೆಳಗಿನ ತೋಟದಲ್ಲಿದೆ, ನಿಮ್ಮ ಪಿಟ್ಟು ಅದರ ಮೇಲಿದೆ. ನಿಮ್ಮ ಮೇಲೆ ಇನ್ನೂ ಎರಡು ಮೂರು ಮನೆ ಇದ್ದರೆ ಅವರ ಪಿಟ್ಟೂ ಅದೇ ಸಾಲಿನಲ್ಲಿ. ಬಾವಿ ಹತ್ತಿರ ನಿಂತು ಮೇಲಕ್ಕೆ ನೋಡಿದರೆ ಅರ್ಥವಾಗುತ್ತದೆ.

ಪಿಟ್ಟು ತುಂಬಿದಾಗ ಸಕ್ಕಿಂಗ್ ಗಾಡಿ ಬರಬೇಕು. ಆಳನ್ನು ಇಳಿಸಿ ತೆಗೆಸುವುದು 2013ರ ಕಾಯ್ದೆ ಪ್ರಕಾರ ಅಪರಾಧ, ಮನುಷ್ಯರು ಮಾಡಿಸಬಾರದ ಕೆಲಸವೂ ಹೌದು. ಗಾಡಿ ನಿಲ್ಲುವ ರಸ್ತೆಗೂ ಪಿಟ್ಟಿಗೂ ಎಷ್ಟು ದೂರ, ಎಷ್ಟು ಆಳ ಅಂತ ಅಳೆಯಿರಿ. ಆ ಗಾಡಿಯೂ ಗಾಳಿಯ ಒತ್ತಡದಿಂದಲೇ ಎಳೆಯುವುದು, ಬಾವಿ ಪಂಪಿಗೆ ಹೇಳಿದ ಮಿತಿ ಅದಕ್ಕೂ ಇದೆ. ರಸ್ತೆಗಿಂತ ಎರಡು ಮಹಡಿ ಕೆಳಗಿರುವ ಪಿಟ್ಟನ್ನು ಮೇಲಿನಿಂದ ಖಾಲಿ ಮಾಡುವುದು ಕಷ್ಟ. ಕೆಳಗಡೆಯಿಂದ ಗಾಡಿ ಬರುವ ದಾರಿ ಇದೆಯಾ ಕೇಳಿ.

ಇದರ ಜೊತೆಗೇ ಮಳೆನೀರಿನ ದಾರಿಯನ್ನೂ ನೋಡಿಬಿಡಿ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡ ಕುಸಿದದ್ದು ನಿಮಗೆ ನೆನಪಿರುತ್ತದೆ. ಮಕ್ಕಂದೂರು, ಜೋಡುಪಾಲ ಕಡೆ ಮಾತ್ರ ಅಲ್ಲ, ಮಡಿಕೇರಿ ಊರೊಳಗಿನ ಇಂದಿರಾನಗರ, ಚಾಮುಂಡೇಶ್ವರಿನಗರದಲ್ಲೂ ಮನೆಗಳು ಹೋದವು. ಇಳಿಜಾರನ್ನು ಕಡಿದು ಮಾಡಿದ ಜಾಗಕ್ಕೆ ಮೇಲಿನಿಂದ ನೀರು ಇಂಗಿ, ಹೋಗಲು ದಾರಿ ಸಿಗದಿದ್ದಾಗ ಮಣ್ಣು ಭಾರವಾಗಿ ಜಾರುತ್ತದೆ. ತಡೆಗೋಡೆಯಲ್ಲಿ ನೀರು ಹೊರಬರುವ ತೂತುಗಳಿವೆಯಾ, ಮಳೆಯಲ್ಲಿ ಅವುಗಳಿಂದ ನೀರು ಬರುತ್ತಿದೆಯಾ ನೋಡಿ. ತೂತು ಮುಚ್ಚಿಹೋಗಿ ಗೋಡೆ ಹೊಟ್ಟೆ ಬಿಟ್ಟಿದ್ದರೆ, ನೆಲದಲ್ಲಿ ಉದ್ದನೆಯ ಬಿರುಕಿದ್ದರೆ, ಆ ಮನೆ ಬೇಡ. ಎಷ್ಟು ಅಗ್ಗಕ್ಕೆ ಬಂದರೂ ಬೇಡ.

ಇಷ್ಟು ಪಾಸಾದರೆ ಕರೆಂಟಿಗೆ ಬನ್ನಿ. ನಿಮಗೆ ಒಂದು ಅನುಕೂಲ ಇದೆ. ಕೊಡಗು ಕೂಡ ನಮ್ಮ ಚೆಸ್ಕಾಂಗೇ ಸೇರಿದ್ದು. ಮೈಸೂರು, ಮಂಡ್ಯ, ಚಾಮರಾಜನಗರ, ಹಾಸನ, ಕೊಡಗು, ಐದಕ್ಕೂ ಒಂದೇ ಕಂಪನಿ, ಹೆಡ್ಡಾಫೀಸು ಮೈಸೂರಿನಲ್ಲೇ. ದೂರು ಹೇಳಲು ಅದೇ 1912. ಬಿಲ್ಲಿನ ರೂಪವೂ ನಿಮಗೆ ಗೊತ್ತಿರುವುದೇ.

ಮಾರುವವರಿಂದ ಇತ್ತೀಚಿನ ಬಿಲ್ ಇಸ್ಕೊಂಡು ಅದರಲ್ಲಿನ ಆರ್‌ಆರ್ ನಂಬರ್ ಬರೆದುಕೊಳ್ಳಿ. ಬಿಲ್ ಯಾರ ಹೆಸರಲ್ಲಿದೆ, ಮನೆ ಬಳಕೆಯ ದರವಾ, ವಾಣಿಜ್ಯ ದರವಾ ನೋಡಿ. ಹಿಂದೆ ಹೋಂಸ್ಟೇ ನಡೆಸಿದ್ದರೆ ಅಲ್ಲೇ ಗೊತ್ತಾಗುತ್ತದೆ. ನಂತರ ಅಲ್ಲಿನ ಉಪವಿಭಾಗದ ಕಚೇರಿಯಿಂದ ಬಾಕಿ ಇಲ್ಲ ಅನ್ನುವ ಪತ್ರ ತರಿಸಿ. ‘ಹಳೇ ಬಾಕಿ ಹಳೇ ಮಾಲೀಕರದ್ದು, ನಮಗೇನು’ ಅನ್ನುವ ವಾದ ಈಗ ನಡೆಯುವುದಿಲ್ಲ. ನಿಯಮದಲ್ಲಿ ಅವಕಾಶ ಇದ್ದರೆ ಆ ಜಾಗದ ಹಳೆಯ ಬಾಕಿಯನ್ನು ಹೊಸ ಮಾಲೀಕರಿಂದ ಕೇಳಬಹುದು ಅಂತ ಸುಪ್ರೀಂ ಕೋರ್ಟ್ 2023ರ ಮೇ ತಿಂಗಳಲ್ಲಿ ತೀರ್ಪು ಕೊಟ್ಟಿದೆ. ಮೀಟರ್ ಮೇಲಿನ ಭದ್ರತಾ ಠೇವಣಿಯನ್ನು ನಿಮ್ಮ ಹೆಸರಿಗೆ ಬಿಟ್ಟುಕೊಡುವುದಾಗಿಯೂ ಮಾರುವವರಿಂದ ಒಂದು ಪತ್ರ ಬರೆಸಿಕೊಳ್ಳಿ.

ಮನೆ ಖಾಲಿ ಇದೆ ಅಂತ ಕನೆಕ್ಷನ್ ಕಡಿತ ಆಗಿದ್ದರೆ, ಮಾರುವವರೇ ಅದನ್ನು ಮತ್ತೆ ಜೋಡಿಸಿ ಕೊಡಲಿ. ಕಂಪ್ಲೀಷನ್ ಅಥವಾ ಆಕ್ಯುಪೆನ್ಸಿ ಸರ್ಟಿಫಿಕೇಟ್ ತೋರಿಸಿದ ಮೇಲೆಯೇ ಕಟ್ಟಡಗಳಿಗೆ ಕರೆಂಟು, ನೀರು ಕೊಡಬೇಕು ಅಂತ 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಹೊಸ ಕನೆಕ್ಷನ್ ಮೊದಲಿನಷ್ಟು ಸಲೀಸಲ್ಲ. ಆ ಸರ್ಟಿಫಿಕೇಟು 25 ವರ್ಷದ ಮನೆಗಳಲ್ಲಿ ಎಷ್ಟು ಜನರ ಹತ್ತಿರ ಇರುತ್ತದೆ? ನಡೆಯುತ್ತಿರುವ ಹಳೇ ಆರ್‌ಆರ್ ನಂಬರಿಗೆ ಬೆಲೆ ಇದೆ.

ಗೃಹಜ್ಯೋತಿ ಒಬ್ಬರಿಗೆ ಒಂದೇ ಮೀಟರ್‌ಗೆ. ಮೈಸೂರಿನ ಮನೆಗೆ ನಿಮ್ಮ ಹೆಸರಲ್ಲಿ ಬರುತ್ತಿದ್ದರೆ ಮಡಿಕೇರಿಗೆ ಸಿಗದು. ಹಳೇ ಮಾಲೀಕರ ಆಧಾರ್ ಆ ಆರ್‌ಆರ್ ನಂಬರಿಗೆ ಜೋಡಣೆಯಾಗಿದ್ದರೆ ಅವರೇ ತೆಗೆಸಿಕೊಳ್ಳಬೇಕು, ಅದನ್ನು ನೆನಪಿಸಿ.

2 ಕಿಲೋವ್ಯಾಟ್ ನಿಮಗೆ ಸಾಲುವುದಿಲ್ಲ. 2 ಕಿಲೋವ್ಯಾಟಿನ ಗೀಸರ್ ಒಂದೇ ಅಷ್ಟನ್ನು ತಿನ್ನುತ್ತದೆ, ಅದರ ಜೊತೆ ಪಂಪು, ಇಂಡಕ್ಷನ್, ಫ್ರಿಜ್ಜು. ನೇಮ್ ಚೇಂಜ್ ಅರ್ಜಿಯ ಬೆನ್ನಿಗೇ 4 ಅಥವಾ 5 ಕಿಲೋವ್ಯಾಟಿಗೆ ಲೋಡ್ ಹೆಚ್ಚಿಸಲು ಅರ್ಜಿ ಹಾಕಿ. ನೋಂದಾಯಿತ ಕ್ರಯಪತ್ರ, ನಿಮ್ಮ ಹೆಸರಿನ ಇ-ಖಾತಾ, ಗುರುತಿನ ಚೀಟಿ, ಮಾರುವವರ ಒಪ್ಪಿಗೆ ಪತ್ರ ಜೊತೆಗಿರಲಿ. ನಗರಸಭೆ ನಲ್ಲಿಗೂ ಹೆಚ್ಚುಕಮ್ಮಿ ಇವೇ ಕಾಗದ.

ಆಮೇಲೆ ಗೋಡೆ ಮೇಲಿನ ಮೀಟರ್ ಬೋರ್ಡಿನ ಮುಂದೆ ಐದು ನಿಮಿಷ ನಿಂತುಕೊಳ್ಳಿ. ಕಂಬದಿಂದ ಬಂದ ಸರ್ವಿಸ್ ವೈರು ಮನೆಯ ಪೈಪಿನೊಳಗೆ ಹೋಗುವ ಮುಂಚೆ ಒಂದು ಸಲ ಕೆಳಕ್ಕೆ ಬಾಗಿ, ಮತ್ತೆ ಮೇಲೇರಿ ಒಳಗೆ ಹೋಗಬೇಕು. ಪೈಪಿನ ಬಾಯಿ ಕೆಳಮುಖವಾಗಿರಬೇಕು. ಆಗ ವೈರಿನ ಮೇಲೆ ಓಡಿ ಬಂದ ಮಳೆನೀರು ಆ ಬಾಗಿನ ತುದಿಯಿಂದ ನೆಲಕ್ಕೆ ತೊಟ್ಟಿಕ್ಕುತ್ತದೆ. ಬಾಗು ಇಲ್ಲದೆ ನೇರ ಇಳಿಜಾರಾಗಿ ಎಳೆದಿದ್ದರೆ ಆ ನೀರು ವೈರ್ ಹಿಡಿದುಕೊಂಡೇ ಮೀಟರ್‌ನೊಳಗೆ ಬರುತ್ತದೆ. ಬೋರ್ಡಿನ ಕೆಳಗೆ ಹಸಿರು ಹಿಡಿದ ತಾಮ್ರದ ಕಲೆ, ಕಪ್ಪಗೆ ಸುಟ್ಟ ಫ್ಯೂಸ್ ಕ್ಯಾರಿಯರ್ ಕಂಡರೆ ಇದೇ ಕಾರಣ ಇರಬಹುದು. ಮಳೆ ಬೀಸುವುದು ನೈಋತ್ಯದಿಂದ. ಬೋರ್ಡು ಆ ಕಡೆಯ ಗೋಡೆಯಲ್ಲಿದ್ದರೆ ಮೇಲೆ ಸಜ್ಜಾ ಬೇಕು, ಇಲ್ಲವೇ ಬೋರ್ಡನ್ನೇ ಜಾಗ ಬದಲಿಸಬೇಕು. ಮೀಟರ್ ತನಕದ ವೈರಿಗೆ ನೀವು ಕೈ ಹಾಕುವಂತಿಲ್ಲ, ಸೆಕ್ಷನ್ ಆಫೀಸಿಗೆ ಬರೆದು ಕೊಟ್ಟು ಮಾಡಿಸಿಕೊಳ್ಳಬೇಕು.

ಮೀಟರ್ ಆಚೆಗಿನ ವೈರಿಂಗ್ 25 ವರ್ಷದ್ದಾದರೆ ಲೈಸೆನ್ಸ್ ಇರುವ ಕಂಟ್ರಾಕ್ಟರ್ ಕೈಯಲ್ಲಿ ಮೆಗ್ಗರ್ (ವೈರಿನ ಇನ್ಸುಲೇಷನ್ ಅಳೆಯುವ ಮೀಟರ್) ಹಾಕಿಸಿ. ರೀಡಿಂಗ್ 1 ಮೆಗಾ ಓಮ್‌ಗಿಂತ ಕಡಿಮೆ ಬಂದರೆ ಹೊಸ ವೈರಿಂಗೇ ಮಾಡಿಸಬೇಕು. 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದರೆ ತಾನೇ ಕಡಿಯುವ ಸ್ವಿಚ್ಚು, ಹಾಕಿಸಲೇಬೇಕು, ಇದರಲ್ಲಿ ಚೌಕಾಶಿ ಬೇಡ. ಮಳೆಗಾಲದಲ್ಲಿ ಅದು ಆಗಾಗ ಟ್ರಿಪ್ ಆಗುತ್ತದೆ ಅಂತ ಕೆಲವು ಎಲೆಕ್ಟ್ರಿಷಿಯನ್‌ಗಳು ಬೈಪಾಸ್ ಮಾಡಿಬಿಡುತ್ತಾರೆ. ಒದ್ದೆ ಗೋಡೆಯಲ್ಲಿ ಕರೆಂಟ್ ಸೋರುತ್ತಿದೆ ಅಂತ ಅದು ಹೇಳುತ್ತಿರುತ್ತದೆ. ಯಾವ ಕೋಣೆ ಅಂತ ಹುಡುಕಿಸಿ, ಬೈಪಾಸ್‌ಗೆ ಮಾತ್ರ ಒಪ್ಪಬೇಡಿ. ಏಪ್ರಿಲ್, ಮೇ ತಿಂಗಳ ಗುಡುಗು ಸಿಡಿಲಿಗೆ ಮೇನ್ ಬೋರ್ಡಿನಲ್ಲಿ ಸರ್ಜ್ ಪ್ರೊಟೆಕ್ಟರ್ ಹಾಕಿಸಿ. ಅದು ಕೆಲಸ ಮಾಡಬೇಕಾದರೆ ಅರ್ತಿಂಗ್ ಚೆನ್ನಾಗಿರಬೇಕು. 5 ಓಮ್ ಒಳಗೆ ಬರುವಂತೆ ನೋಡಿ. ಮಳೆಗಾಲದಲ್ಲಿ ಅಳೆದರೆ ಎಲ್ಲವೂ ಚೆನ್ನಾಗಿಯೇ ಬರುತ್ತದೆ, ಹಾಗಾಗಿ ಮಾರ್ಚ್‌ನಲ್ಲಿ ಅಳೆಸಿ. ಮರ ಬಿದ್ದು ನ್ಯೂಟ್ರಲ್ ವೈರ್ ಕಡಿದರೆ 230 ಇರಬೇಕಾದಲ್ಲಿ 400 ವೋಲ್ಟ್ ತನಕ ಏರಬಹುದು, ಟಿವಿ ಫ್ರಿಜ್ಜು ಒಟ್ಟಿಗೇ ಹೋಗುತ್ತವೆ. ವೋಲ್ಟೇಜ್ ಏರಿದಾಗ ಕಡಿದುಹಾಕುವ ಒಂದು ಸಣ್ಣ ಸಾಧನ ಬರುತ್ತದೆ, ಅದನ್ನೂ ಬೋರ್ಡಿಗೆ ಸೇರಿಸಿ.

ಸೋಲಾರ್ ಬಗ್ಗೆ ಕೇಳಿದ್ದೀರಿ. ಪಿಎಂ ಸೂರ್ಯಘರ್‌ನಲ್ಲಿ 3 ಕಿಲೋವ್ಯಾಟಿಗೆ 78,000 ರೂಪಾಯಿ ತನಕ ಸಬ್ಸಿಡಿ ಇದೆ. ಆದರೆ ನಿಮ್ಮ ಉದ್ದೇಶ ಕರೆಂಟ್ ಹೋದಾಗ ಬೆಳಕು ಬೇಕು ಅಂತ ಅಲ್ವಾ? ಲೈನಿಗೆ ಜೋಡಿಸಿದ ಮಾಮೂಲಿ ಸೋಲಾರ್ ಆ ಹೊತ್ತಿನಲ್ಲಿ ತಾನೂ ಬಂದ್ ಆಗುತ್ತದೆ. ನಿಮ್ಮ ಚಾವಣಿಯ ಕರೆಂಟು ಲೈನಿಗೆ ಹರಿದು, ಕಂಬದ ಮೇಲೆ ಕೆಲಸ ಮಾಡುತ್ತಿರುವ ಲೈನ್‌ಮನ್‌ಗೆ ಹೊಡೆಯಬಾರದು ಅಂತ ಹಾಗೆ ಮಾಡಿರುತ್ತಾರೆ. ಬ್ಯಾಟರಿ ಇರುವ ಹೈಬ್ರಿಡ್ ಬೇರೆ, ಅದರ ಖರ್ಚು ಬೇರೆ. ಮೇಲಾಗಿ ಕರೆಂಟ್ ಜಾಸ್ತಿ ಹೋಗುವುದು ಜೂನ್‌ನಿಂದ ಆಗಸ್ಟ್‌ವರೆಗೆ, ಮಡಿಕೇರಿಯಲ್ಲಿ ಬಿಸಿಲೇ ಕಾಣದ ತಿಂಗಳುಗಳಲ್ಲಿ. ನನ್ನ ಸಲಹೆ ಕೇಳಿದರೆ ಸೋಲಾರ್ ಪ್ಯಾನಲನ್ನು ಮೈಸೂರಿನ ಮನೆ ಮೇಲೆ ಹಾಕಿಸಿ, ಮಡಿಕೇರಿಗೆ ಒಳ್ಳೆಯ ಇನ್ವರ್ಟರ್ ಇಡಿ. 12 ವೋಲ್ಟ್, 150 ಆಂಪಿಯರ್ ಅವರ್‌ನ ಒಂದು ಬ್ಯಾಟರಿಯಲ್ಲಿ ಲೆಕ್ಕಕ್ಕೆ 1,800 ವ್ಯಾಟ್ ಅವರ್ ಇದೆ, ಕೈಗೆ ಸಿಗುವುದು 1,200ರ ಆಸುಪಾಸು. ಮಡಿಕೇರಿಯಲ್ಲಿ ಫ್ಯಾನ್ ಹೆಚ್ಚು ಬೇಕಾಗುವುದಿಲ್ಲ. ನಾಲ್ಕೈದು ಎಲ್‌ಇಡಿ, ವೈಫೈ, ಮೊಬೈಲ್ ಚಾರ್ಜರ್ ಸೇರಿ 80 ವ್ಯಾಟ್ ಅಂದರೆ 15 ಗಂಟೆ ಬರುತ್ತದೆ. ಪಂಪನ್ನು ಇದಕ್ಕೆ ಜೋಡಿಸಬೇಡಿ. ಅದರ ಬದಲು ಟ್ಯಾಂಕ್ ದೊಡ್ಡದಿರಲಿ. ಎರಡು ದಿನ ಕರೆಂಟಿಲ್ಲದಿದ್ದರೂ ಎತ್ತರದ ಟ್ಯಾಂಕಿನಲ್ಲಿ 2,000 ಲೀಟರ್ ಇದ್ದರೆ ಇಬ್ಬರಿಗೆ ಧಾರಾಳ.

ಬಿಸಿನೀರಿಗೂ ಇದೇ ಮಾತು. ಸೋಲಾರ್ ವಾಟರ್ ಹೀಟರ್ ಬೇಸಿಗೆಯಲ್ಲಿ ಚೆನ್ನ, ನಿಮಗೆ ಬಿಸಿನೀರು ತುಂಬಾ ಬೇಕಾದ ತಿಂಗಳಲ್ಲಿ ಕೈಕೊಡುತ್ತದೆ. 15 ಲೀಟರ್, 2 ಕಿಲೋವ್ಯಾಟ್ ಗೀಸರ್ ತಣ್ಣೀರನ್ನು 20 ನಿಮಿಷದಲ್ಲಿ ಸ್ನಾನಕ್ಕೆ ಬೇಕಾದಷ್ಟು ಕಾಯಿಸುತ್ತದೆ. ಆ ಮನೆಯ ಬಚ್ಚಲಲ್ಲಿ ಹಂಡೆ ಒಲೆ ಇದ್ದರೆ ದಯವಿಟ್ಟು ಕೆಡವಿಸಬೇಡಿ. ಟೈಲ್ಸ್ ಹಾಕುವವರು ಮೊದಲು ಅದನ್ನೇ ಒಡೆಯೋಣ ಅಂತಾರೆ. ಹೊಗೆ ಕೊಳವೆ ಸ್ವಚ್ಛ ಮಾಡಿಸಿ, ಸ್ವಲ್ಪ ಒಣಗಿದ ಸೌದೆ ಇಟ್ಟುಕೊಳ್ಳಿ. ಕರೆಂಟಿಲ್ಲದ ದಿನ ಅದೇ ಆಧಾರ.

ಗ್ಯಾಸ್: ಒಂದು ಕುಟುಂಬಕ್ಕೆ ಒಂದೇ ಮನೆ ಬಳಕೆಯ ಕನೆಕ್ಷನ್. ಮೈಸೂರಿನದನ್ನು ಇಟ್ಟುಕೊಳ್ಳುವುದಾದರೆ ಮಡಿಕೇರಿಗೆ 5 ಕೆಜಿಯ ಚಿಕ್ಕ ಸಿಲಿಂಡರ್ ತಗೊಳ್ಳಿ. ಅದಕ್ಕೆ ವಿಳಾಸದ ದಾಖಲೆ ಬೇಡ, ಬೆಲೆ ಸ್ವಲ್ಪ ಜಾಸ್ತಿ. ಪೂರ್ತಿ ಅಲ್ಲೇ ನೆಲೆಸಿದ ಮೇಲೆ ಕನೆಕ್ಷನ್ ವರ್ಗ ಮಾಡಿಸಿಕೊಳ್ಳಬಹುದು. ಸಿಲಿಂಡರ್ ಗಾಡಿ ಎಲ್ಲಿಯ ತನಕ ಬರುತ್ತದೆ ಅಂತ ಮಾತ್ರ ಕೇಳಿಡಿ. 14.2 ಕೆಜಿ ಗ್ಯಾಸಿನ ತುಂಬಿದ ಸಿಲಿಂಡರ್ ಸುಮಾರು 30 ಕೆಜಿ ತೂಗುತ್ತದೆ, ಅರವತ್ತು ಮೆಟ್ಟಿಲು ಅದನ್ನು ಇಳಿಸುವವರು ಬೇಕು.

ಇಂಟರ್ನೆಟ್‌ಗೆ ಪಕ್ಕದ ಮನೆಯವರು ಯಾವುದು ಹಾಕಿಸಿದ್ದಾರೋ ಅದನ್ನೇ ಹಾಕಿಸಿ, ಮಳೆಯಲ್ಲಿ ಫೈಬರ್ ಕಡಿದಾಗ ಎಷ್ಟು ದಿನಕ್ಕೆ ಸರಿಮಾಡಿದರು ಅಂತ ಕೇಳಿದ ಮೇಲೆ. ಮೊಬೈಲ್ ಸಿಗ್ನಲ್ ಅಂಗಳದಲ್ಲಿ ನೋಡಿದರೆ ಸಾಲದು, ಮಲಗುವ ಕೋಣೆಯಲ್ಲಿ ನೋಡಿ. ರಾತ್ರಿ ಆಂಬುಲೆನ್ಸ್ ಕರೆಯಬೇಕಾದರೆ ಅಲ್ಲಿಂದಲೇ ತಾನೇ ಕರೆಯಬೇಕು.

ಈಗ ನಿಮ್ಮ ಕೊನೆಯ ಪ್ರಶ್ನೆ, ಯಾವುದು ಮೊದಲು. ಮಳೆಯಲ್ಲಿ ಒಂದು ಸಲ, ಬೇಸಿಗೆಯಲ್ಲಿ ಒಂದು ಸಲ ಮನೆ ನೋಡಿ. ಅಷ್ಟು ಕಾಯಲು ಮಾರುವವರು ಒಪ್ಪದಿದ್ದರೆ ಯಾವ ಕಾಲದಲ್ಲಿ ನೋಡಲಿಲ್ಲವೋ ಆ ಕಾಲದ ವಿಷಯವನ್ನು ಮೂರು ಮನೆಯವರ ಹತ್ತಿರ ವಿಚಾರಿಸಿ. ಪಿಟ್ಟು, ತಡೆಗೋಡೆ ಸರಿ ಇದ್ದರೆ ಅಲ್ಲಿನ ವಕೀಲರ ಹತ್ತಿರ ಹೋಗಿ. ಅಗ್ರಿಮೆಂಟಿನಲ್ಲಿ ಬಾವಿ ನೀರಿನ ನೋಂದಾಯಿತ ಹಕ್ಕುಪತ್ರ, ಚೆಸ್ಕಾಂ ಮತ್ತು ನಗರಸಭೆಯ ಬಾಕಿ ಇಲ್ಲದ ಪತ್ರ, ಠೇವಣಿ ಬಿಟ್ಟುಕೊಡುವ ಪತ್ರ, ಈ ಮೂರನ್ನೂ ಮಾರುವವರು ರಿಜಿಸ್ಟ್ರೇಷನ್‌ಗೆ ಮುಂಚೆ ಕೊಡತಕ್ಕದ್ದು, ಕೊಡದಿದ್ದರೆ ಅಡ್ವಾನ್ಸ್ ವಾಪಸ್ ಅಂತ ಬರೆಸಿ. ಅದಕ್ಕೆ ಸಹಿ ಬಿದ್ದ ಮೇಲೆ ಅಡ್ವಾನ್ಸ್ ಕೊಡಿ. ರಿಜಿಸ್ಟ್ರೇಷನ್ ದಿನ ಮಾರುವವರ ಎದುರಲ್ಲೇ ಕರೆಂಟ್ ಮೀಟರಿನ ರೀಡಿಂಗ್ ಫೋಟೋ ತೆಗೆದುಕೊಂಡು, ಆ ಮನೆಯ ಪೈಪು, ಪಂಪು ಬಲ್ಲ ಪ್ಲಂಬರ್ ಯಾರು ಅಂತ ಕೇಳಿ ಅವರ ನಂಬರ್ ಬರೆದುಕೊಳ್ಳಿ. ನೆಲದೊಳಗಿನ ಪೈಪು ಎಲ್ಲೆಲ್ಲಿ ಹಾದುಹೋಗಿದೆ ಅಂತ ಗೊತ್ತಿರುವುದು ಅವರೊಬ್ಬರಿಗೇ. ಒಂದು ದಿನದ ಕೂಲಿ ಕೊಟ್ಟು ಅವರನ್ನು ಕರೆಸಿ, ಜಾಗದ ಉದ್ದಕ್ಕೂ ನಡೆಸಿ, ವಾಲ್ವ್‌ಗಳನ್ನೂ ಪೈಪಿನ ದಾರಿಯನ್ನೂ ಕಾಗದದ ಮೇಲೆ ಗುರುತು ಹಾಕಿಸಿಕೊಳ್ಳಿ.